ಕ್ಯಾಷಿಯರ್ ಕೈಯಲ್ಲೂ ತೆಗೆಯೋಕಾಗದ ಬಾಗಿಲು

ನಮ್ಮಪ್ಪ ಬ್ಯಾಂಕಲ್ಲಿ ಹೆಡ್ ಕ್ಯಾಷಿಯರ್ ಆಗಿದ್ರು. ಸ್ಟ್ರಾಂಗ್ ರೂಮಿಗೆ ಎರಡು ಕೀ, ಒಂದು ಮ್ಯಾನೇಜರ್ ಹತ್ರ ಇನ್ನೊಂದು ಅಪ್ಪನ ಹತ್ರ, ರಾತ್ರಿ ಹೊತ್ತಲ್ಲಿ ಯಾರಾದ್ರೂ ಬಾಗಿಲು ತಟ್ಟಿದ್ರೆ ಅಮ್ಮ ಮೊದಲು ನೋಡ್ತಿದ್ದಿದ್ದು ಆ ಕೀ ಇರೋ ಬೀರು ಕಡೆ. ಒಂದೇ ಕೀಯಿಂದ ಏನೂ ಆಗಲ್ಲ ಅಂತ ಅಮ್ಮಂಗೆ ಗೊತ್ತಿತ್ತು, ಆದ್ರೆ ಬಂದೋರಿಗೂ ಗೊತ್ತಿರಬೇಕಲ್ಲ. ಬ್ಯಾಂಕ್ ಟೈಮ್ ಲಾಕ್, ಅಂದ್ರೆ ಗೊತ್ತು ಮಾಡಿದ ಹೊತ್ತಾಗೋವರೆಗೂ ಯಾರ ಕೈಯಲ್ಲೂ ತೆಗೆಯೋಕಾಗದ ಬೀಗ, ಬೇಕಾಗಿ ಬಂದಿದ್ದೇ ಈ ಭಯದಿಂದ.

19ನೇ ಶತಮಾನದ ಅಮೆರಿಕದಲ್ಲಿ ತಿಜೋರಿಗೆ ಕಾಂಬಿನೇಷನ್ ಲಾಕ್ ಬಂತು. ನಂಬರ್ ತಿರುಗಿಸಿ ತೆಗೆಯೋದು, ಕೀಲಿ ತೂರಿಸೋ ತೂತೇ ಇಲ್ಲ, ಹಾಗಾಗಿ ಅದರೊಳಗೆ ಮದ್ದು ತುಂಬಿ ಸಿಡಿಸೋ ಹಳೇ ದಾರಿ ಮುಚ್ಚಿತು. ಆಗ ಕಳ್ಳರು ಬೀಗ ಬಿಟ್ಟು ನಂಬರ್ ಗೊತ್ತಿರೋ ಮನುಷ್ಯನನ್ನೇ ಹಿಡಿಯೋಕೆ ಶುರು ಮಾಡಿದ್ರು. ಮ್ಯಾಸಚೂಸೆಟ್ಸ್‌ನ ನಾರ್ಥಾಂಪ್ಟನ್ ಊರಲ್ಲಿ 1876ರ ಜನವರಿ 25-26ರ ರಾತ್ರಿ ಮುಖವಾಡ ಹಾಕ್ಕೊಂಡ ಏಳು ಜನ ಕ್ಯಾಷಿಯರ್ ಜಾನ್ ವಿಟಲ್ಸಿ ಮನೆಗೆ ನುಗ್ಗಿ, ಮನೆಯವರನ್ನೆಲ್ಲ ಕಟ್ಟಿಹಾಕಿ, ಅವರಿಗೆ ಹಿಂಸೆ ಕೊಟ್ಟು ನಂಬರ್ ಬಾಯಿ ಬಿಡಿಸಿದ್ರು. ಹೋಗಿದ್ದು ಹನ್ನೆರಡು ಲಕ್ಷ ಡಾಲರ್‌ಗೂ ಜಾಸ್ತಿ, ಬಹುಪಾಲು ಬಾಂಡು ಮತ್ತು ಷೇರು ಪತ್ರ. ಇದ್ರಲ್ಲಿ ವಿಟಲ್ಸಿ ತಪ್ಪು ಏನಿತ್ತು ಹೇಳಿ, ನಂಬರ್ ಅವರ ತಲೇಲಿತ್ತು ಅಷ್ಟೇ.

ಇದಕ್ಕೆ ಪರಿಹಾರ ಆಗ್ಲೇ ರೆಡಿ ಇತ್ತು, ಕೊಳ್ಳೋರು ಕಮ್ಮಿ ಇದ್ರು. ಟೈಮ್ ಲಾಕ್ ಅನ್ನೋ ಯೋಚನೆ 1831ರಷ್ಟು ಹಳೇದು, ಸ್ಕಾಟ್ಲೆಂಡಿನ ವಿಲಿಯಂ ರದರ್‌ಫೋರ್ಡ್ ಆಗ್ಲೇ ಪೇಟೆಂಟ್ ಮಾಡಿಸಿದ್ರು. ಆದ್ರೆ ಬ್ಯಾಂಕುಗಳು ನಂಬುವಂಥದ್ದನ್ನ ಮಾಡಿದ್ದು ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನ ಜೇಮ್ಸ್ ಸಾರ್ಜೆಂಟ್, ಬೇರೆಯವರ ಬೀಗ ತೆಗೆದು ತೋರಿಸೋದರಲ್ಲೇ ಹೆಸರು ಮಾಡಿದ್ದ ಮನುಷ್ಯ. 1873ರಲ್ಲಿ ತಯಾರಾದ ಅವರ ಬೀಗ 1874ರಲ್ಲಿ ಇಲಿನಾಯ್ಸ್‌ನ ಮಾರಿಸನ್ ಅನ್ನೋ ಪುಟ್ಟ ಊರಿನ ಫಸ್ಟ್ ನ್ಯಾಷನಲ್ ಬ್ಯಾಂಕಲ್ಲಿ ಕೂತಿತು. ಹಿಂದೆನೇ ಯೇಲ್ ಕಂಪನಿ ಬಂತು, ನಾರ್ಥಾಂಪ್ಟನ್ ಆದ್ಮೇಲಂತೂ ಬೇಡಿಕೆ ಜೋರಾಯ್ತು.

ಇದು ಕೆಲಸ ಮಾಡೋ ರೀತಿ ನೋಡಿ, ನಂಗೆ ತುಂಬಾ ಇಷ್ಟ ಇದು. ಬಾಗಿಲಿನ ಒಳಮೈಯಲ್ಲಿ ಒಂದು ಪೆಟ್ಟಿಗೆ, ಅದರೊಳಗೆ ಎರಡೋ ಮೂರೋ ಗಡಿಯಾರದ ಮೆಷಿನ್ನು, ಹೊರಗಡೆಗೆ ಒಂದು ಕಡ್ಡಿಯ ಸಂಪರ್ಕವೂ ಇಲ್ಲ. ಶುಕ್ರವಾರ ಸಂಜೆ ಐದಕ್ಕೆ ಮುಚ್ಚಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ತೆಗೀಬೇಕು ಅಂದ್ರೆ 64 ಗಂಟೆ, ಪುಟ್ಟ ಕೀ ಹಾಕಿ ಡಯಲ್ಲು 64ಕ್ಕೆ ಬರೋವರೆಗೂ ಒಂದೊಂದು ಮೆಷಿನ್ನಿಗೂ ಕೀ ಕೊಡಬೇಕು (ಹಳೇ ಎಚ್‌ಎಂಟಿ ವಾಚಿಗೆ ಕೀ ಕೊಟ್ಟವರಿಗೆ ಆ ಕಿರ್ ಕಿರ್ ಬೆರಳಿಗೆ ಗೊತ್ತಿರುತ್ತೆ), ಆಮೇಲೆ ಬಾಗಿಲು ಮುಚ್ಚಿದ್ರೆ ಮುಗೀತು. ಡಯಲ್ಲು ಹಿಂದಕ್ಕೆ ತಿರುಗಿ ಸೊನ್ನೆಗೆ ಬಂದಾಗ ಒಂದು ಲಿವರ್ ತಳ್ಳುತ್ತೆ, ಬೋಲ್ಟಿಗೆ ಅಡ್ಡ ನಿಂತಿದ್ದ ತುಂಡು ಸರಿಯುತ್ತೆ. ಬಾಗಿಲು ತಾನಾಗೇ ತೆರೆಯಲ್ಲ, ಅಡ್ಡಿ ಹೋಗುತ್ತೆ ಅಷ್ಟೇ, ಅಲ್ಲಿಂದ ಮುಂದೆ ನಂಬರ್ ಬೇಕೇ ಬೇಕು. ಅಲ್ಲಿವರೆಗೂ ಸರಿಯಾದ ನಂಬರ್ ತಿರುಗಿಸಿದ್ರೂ ಮ್ಯಾನೇಜರಿಗೂ ಬಾಗಿಲು ಜಗ್ಗಲ್ಲ, ಕ್ಯಾಷಿಯರ್ ತಲೆಗೆ ಪಿಸ್ತೂಲ್ ಇಟ್ರೂ ಜಗ್ಗಲ್ಲ.

ಎರಡು ಮೂರು ಮೆಷಿನ್ ಯಾಕೆ ಅಂದ್ರೆ, ಗಡಿಯಾರ ನಿಂತುಹೋದ್ರೆ ಬ್ಯಾಂಕಿನ ದುಡ್ಡು ಬ್ಯಾಂಕಿಗೇ ಸಿಗಲ್ಲ, ಬಾಗಿಲು ಕೊರೆಯಬೇಕು. ಅದಕ್ಕೇ ಯಾವುದಾದ್ರೂ ಒಂದು ಸೊನ್ನೆಗೆ ಬಂದ್ರೂ ಸಾಕು ಅನ್ನೋ ಹಾಗೆ ಜೋಡಿಸಿದ್ರು. ಇದ್ರಲ್ಲೂ ಅಪಾಯ ಇದೆ, ಒಂದಕ್ಕೆ ತಪ್ಪಿ ಕಮ್ಮಿ ಗಂಟೆ ಕೀ ಕೊಟ್ರೆ ಕಾವಲು ಅಷ್ಟು ಬೇಗ ಸರಿದುಹೋಗುತ್ತೆ, ಆದ್ರೂ ಬ್ಯಾಂಕುಗಳು ಈ ಅಪಾಯವನ್ನೇ ಒಪ್ಕೊಂಡ್ವು. ಒಣಗಿದ ಎಣ್ಣೆ, ಧೂಳು ಇವೇ ದೊಡ್ಡ ಶತ್ರು, ಹಾಗಾಗಿ ಕಾಲಕಾಲಕ್ಕೆ ಬಿಚ್ಚಿ ತೊಳೆದು ಎಣ್ಣೆ ಬಿಡಲೇಬೇಕಿತ್ತು.

ಎಲೆಕ್ಟ್ರಾನಿಕ್ ಬಂದ್ಮೇಲೆ ಇವು ಬಾಗಿಲಿಂದ ಇಳಿದು ಸಂಗ್ರಹಕಾರರ ಮನೆ ಸೇರ್ತಿವೆ. ನ್ಯೂಯಾರ್ಕಲ್ಲಿ ಜಾನ್ ಮಾಸ್‌ಮನ್ ಕೊಟ್ಟ ಬೀಗಗಳ ಸಂಗ್ರಹದಲ್ಲೂ ಒಳ್ಳೊಳ್ಳೆ ಟೈಮ್ ಲಾಕ್ ಇವೆ. ಸುಸ್ಥಿತಿಯಲ್ಲಿರೋ ಹಳೇ ಪೀಸಿಗೆ ಕೀ ಕೊಟ್ರೆ ಈಗಲೂ ಮೂರೂ ಮೆಷಿನ್ನಿನ ಬ್ಯಾಲೆನ್ಸ್ ವೀಲು (ಗಡಿಯಾರದ ವೇಗ ಕಾಯೋ ಪುಟ್ಟ ಚಕ್ರ) ಒಂದೊಂದು ಲಯದಲ್ಲಿ ಅಲ್ಲಾಡ್ತವೆ, ಯಾವುದೂ ಇನ್ನೊಂದಕ್ಕೆ ಕಾಯಲ್ಲ.