ಮುಂಡರಗಿ ಭೀಮರಾಯ: ಒಂಬತ್ತು ದಿನದ ಬಂಡಾಯ, ಮುಗಿಯದ ವಾದ

1858ರಲ್ಲಿ ಕಂಪನಿ ಸರ್ಕಾರದ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯ ಯಾರು? ದೇಶಕ್ಕಾಗಿ ಪ್ರಾಣ ಕೊಟ್ಟ ವೀರ ಅನ್ನುವುದು ಒಂದು ಉತ್ತರ. ನೌಕರಿ ಹೋದ ಸಿಟ್ಟಿಗೆ ಖಜಾನೆ ದೋಚಿದವ ಅನ್ನುವುದು ಇನ್ನೊಂದು. ಎರಡೂ ಕಡೆಯವರು ಒಂದು ಮಾತನ್ನು ಮೊದಲೇ ಒಪ್ಪಿಕೊಂಡಂತಿದೆ: ಸ್ವಂತ ಸಿಟ್ಟಿದ್ದವನು ನಾಡಿಗಾಗಿ ಹೋರಾಡಲಾರ ಅಂತ. ಅದು ಯಾಕೆ ಹಾಗಿರಬೇಕು?

ಸಿಟ್ಟಂತೂ ಇತ್ತು. ಭೀಮರಾಯ ಬಳ್ಳಾರಿ ಸೀಮೆಯಲ್ಲಿ ಕಂಪನಿ ಸರ್ಕಾರದ ಕಂದಾಯ ಅಧಿಕಾರಿಯಾಗಿದ್ದವನು. ಅವನನ್ನು ಕೆಲಸದಿಂದ ತೆಗೆದುಹಾಕಿದರು. ಆದರೆ ಆಗ ಸಿಟ್ಟಿಲ್ಲದವರಾದರೂ ಯಾರಿದ್ದರು? ಇನಾಮು ಜಮೀನುಗಳ ಹಕ್ಕು ತನಿಖೆ ಮಾಡುವ ಇನಾಮು ಕಮಿಷನ್ ಬಂದು, ತಲೆಮಾರುಗಳಿಂದ ಉಂಡ ಜಮೀನಿಗೆ ಕಾಗದ ತೋರಿಸಿ ಅನ್ನುತ್ತಿತ್ತು. ನರಗುಂದದ ಸಂಸ್ಥಾನಿಕ ಬಾಬಾಸಾಹೇಬರಿಗೆ ಮಕ್ಕಳಿರಲಿಲ್ಲ, ದತ್ತು ತೆಗೆದುಕೊಳ್ಳಲು ಸರ್ಕಾರ ಬಿಡಲಿಲ್ಲ. 1857ರಲ್ಲಿ ಹತಿಯಾರು ಒಪ್ಪಿಸಿ ಅನ್ನುವ ಕಾನೂನೂ ಬಂತು. ಅದನ್ನು ಒಪ್ಪದ ಹಲಗಲಿಯ ಬೇಡರು ಅದೇ ನವೆಂಬರಿನಲ್ಲಿ ತಿರುಗಿಬಿದ್ದರು. ಸರ್ಕಾರ ಊರನ್ನೇ ಸುಟ್ಟಿತು.

ಭೀಮರಾಯನ ಕಿಡಿ ಹೊತ್ತಿದ್ದು ಹಮ್ಮಿಗಿಯಲ್ಲಿ. ಈಗ ಆ ಊರಿನ ಹೆಸರು ಹೇಳಿದರೆ ಜನಕ್ಕೆ ನೆನಪಾಗುವುದು ತುಂಗಭದ್ರೆಯ ಬ್ಯಾರೇಜು. ಆಗ ಅಲ್ಲಿ ಕೆಂಚನಗೌಡ ಎಂಬ ದೇಸಾಯಿ ಇದ್ದ. ಅವನಲ್ಲಿ ಕೂಡಿಟ್ಟಿದ್ದ ಆಯುಧಗಳು ಅಧಿಕಾರಿಗಳ ಕಣ್ಣಿಗೆ ಬಿದ್ದವು, ಅದಕ್ಕೆ ಕಾವಲು ಹಾಕಿದರು. ಇನ್ನು ಕಾಯುವ ಹಾಗಿರಲಿಲ್ಲ. ಭೀಮರಾಯ, ಕೆಂಚನಗೌಡ ಇಬ್ಬರೂ ಕಾವಲಿನವರ ಮೇಲೆ ಬಿದ್ದು ಆಯುಧ ಕಿತ್ತುಕೊಂಡರು. 1858ರ ಮೇ 24ರಂದು ಡಂಬಳದ ಖಜಾನೆ ಲೂಟಿಯಾಯಿತು. ಅಲ್ಲಿಂದ ನಿಜಾಮನ ಸೀಮೆಗೆ ದಾಟಿ ಕೊಪ್ಪಳದ ಕೋಟೆ ಹಿಡಿದರು.

ಕೊಪ್ಪಳ ಸುಮ್ನೆ ಯಾವುದೋ ಕೋಟೆಯಲ್ಲ. 1790ರಲ್ಲಿ ಟಿಪ್ಪುವಿನ ಕೈಯಿಂದ ಅದನ್ನು ಕಸಿಯಲು ಇಂಗ್ಲಿಷರು ಮತ್ತು ನಿಜಾಮನ ಸೈನ್ಯ ಆರು ತಿಂಗಳು ಮುತ್ತಿಗೆ ಹಾಕಬೇಕಾಯಿತು. ಭೀಮರಾಯನ ಕೈಯಲ್ಲಿ ಅದು ಒಂದು ವಾರವೂ ನಿಲ್ಲಲಿಲ್ಲ ಅನ್ನಬೇಕು. ಜೂನ್ 1ರಂದು ಮೇಜರ್ ಹ್ಯೂಸ್‌ನ ಪಡೆ ಒಳನುಗ್ಗಿತು. ಭೀಮರಾಯ, ಕೆಂಚನಗೌಡ ಇಬ್ಬರೂ ಅಲ್ಲೇ ಸತ್ತರು. ಸೆರೆಸಿಕ್ಕವರಲ್ಲಿ ಹತ್ತಾರು ಮಂದಿಗೆ ಮರಣದಂಡನೆಯಾಯಿತು.

ಅತ್ತ ನರಗುಂದದ್ದೂ ಅದೇ ವಾರದ ಕಥೆ. ಮೇ 29ರ ರಾತ್ರಿ ಸುರೇಬಾನದಲ್ಲಿ ಬಾಬಾಸಾಹೇಬರ ಕಡೆಯವರು ಸಂಸ್ಥಾನಗಳ ಮೇಲೆ ಕಣ್ಣಿಡುವ ಕಂಪನಿಯ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದು, ಅವನ ತಲೆಯನ್ನು ನರಗುಂದದ ಅಗಸೆ ಬಾಗಿಲಿಗೆ ತೂಗುಹಾಕಿದರು. ಜೂನ್ 12ರಂದು ಬಾಬಾಸಾಹೇಬರಿಗೆ ಬೆಳಗಾವಿಯಲ್ಲಿ ಗಲ್ಲು.

ಈಗ ಆ ವಾದಕ್ಕೆ ಬರೋಣ. ಲೂಟಿಯೇ ಗುರಿಯಾಗಿದ್ದರೆ ಭೀಮರಾಯ ಆರಿಸಿಕೊಂಡ ಹೊತ್ತು ತೀರಾ ವಿಚಿತ್ರ. ಬಂಡಾಯಗಾರರ ದಿಲ್ಲಿ ಇಂಗ್ಲಿಷರ ಕೈಗೆ ಬಿದ್ದು ಎಂಟು ತಿಂಗಳಾಗಿತ್ತು. ಫೆಬ್ರವರಿಯಲ್ಲೇ ಸುರಪುರ ಬಿದ್ದಿತ್ತು, ಏಪ್ರಿಲಿನಲ್ಲಿ ಝಾನ್ಸಿಯೂ ಹೋಯಿತು. ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಕಚೇರಿಯಲ್ಲಿ ಪಳಗಿದವನಿಗೆ ಗೊತ್ತಿರಲಿಲ್ಲವೇ? ಲಾಭ ನೋಡುವವನು ಆಗ ತೆಪ್ಪಗಿರುತ್ತಿದ್ದ. ಹಾಗಂತ ಎಲ್ಲವೂ ಮೊದಲೇ ಹೊಂಚಿದ ಸ್ವಾತಂತ್ರ್ಯ ಯುದ್ಧ ಅನ್ನುವುದೂ ಜಾಸ್ತಿಯಾಯಿತು. ಆಯುಧ ಸಿಕ್ಕಿಬಿದ್ದದ್ದರಿಂದ ಅವರು ಅವಸರಕ್ಕೆ ಬಿದ್ದರು. ಆ ಅವಸರವೇ ಮುಳುವಾಯಿತು ಅಂತ ನನ್ನ ಅನಿಸಿಕೆ.

ನನ್ನನ್ನು ಕಾಡುವ ಪ್ರಶ್ನೆ ಬೇರೆಯೇ. ನೌಕರಿ ಹೋದದ್ದು ಭೀಮರಾಯನದು, ವತನ, ಅಂದರೆ ವಂಶಪಾರಂಪರ್ಯದ ಹಕ್ಕು, ಇದ್ದದ್ದು ದೇಸಾಯಿಗೆ. ಅವರ ಬೆನ್ನಿಗೆ ನಿಂತು ಕೊಪ್ಪಳದವರೆಗೆ ಹೋದವರಿಗೆ ಕಳೆದುಕೊಳ್ಳಲು ಏನಿತ್ತು? ಹಲಗಲಿಯ ಹನುಮ, ಬಾಲ, ಜಡಗ, ರಾಮ ಯಾರು ಅಂತ ನಮಗೆ ಗೊತ್ತು, ಲಾವಣಿ ಅವರನ್ನು ಹಿಡಿದಿಟ್ಟುಕೊಂಡಿದೆ. ಹತ್ತನೇ ಇಯತ್ತೆಯ ಮಕ್ಕಳು ಅದನ್ನು ಕನ್ನಡ ಪುಸ್ತಕದಲ್ಲೇ ಓದಿದ್ದಾರೆ. ಕೊಪ್ಪಳದಲ್ಲಿ ಸತ್ತವರ ಲೆಕ್ಕ ಬರೆದದ್ದು ಮಾತ್ರ ಅವರನ್ನು ಕೊಂದ ಸರ್ಕಾರ. ಭೀಮರಾಯ ವೀರನೋ ಲೂಟಿಕೋರನೋ ಎಂದು ವಾದಿಸುವವರು ಅವನ ಹಿಂದೆ ಹೋದವರ ಊರು, ಮನೆತನಗಳನ್ನೂ ಒಮ್ಮೆ ಹುಡುಕಬಹುದಲ್ವಾ?