ಪದ ಪರಿಚಯ: ಫ್ರೀ ಟ್ರೇಡರ್, ಹಡಗೇ ಊರಾದ ವ್ಯಾಪಾರಿ ಮನೆತನಗಳು

ಫ್ರೀ ಟ್ರೇಡರ್ ಅಂದರೆ ವೈಜ್ಞಾನಿಕ ಕಥೆಗಳಲ್ಲಿ ಬರುವ ಒಂದು ಕಾಲ್ಪನಿಕ ಜನ. ನಕ್ಷತ್ರದಿಂದ ನಕ್ಷತ್ರಕ್ಕೆ ಸರಕು ಹೊತ್ತು ತಿರುಗುವ ಅಲೆಮಾರಿ ವ್ಯಾಪಾರಿಗಳು ಇವರು. ಒಂದು ಹಡಗಿಗೆ ಒಂದು ಮನೆತನ. ಅಜ್ಜಿ, ಅಪ್ಪ, ಅಮ್ಮ, ಚಿಕ್ಕಪ್ಪಂದಿರು, ಮೊಮ್ಮಕ್ಕಳು ಎಲ್ಲರೂ ಅದರಲ್ಲೇ. ಹುಟ್ಟುವುದು ಹಡಗಿನಲ್ಲಿ, ಕೆಲಸ ಕಲಿಯುವುದು ಹಡಗಿನಲ್ಲಿ, ಸಾಯುವುದೂ ಅಲ್ಲೇ. ಯಾವ ಗ್ರಹದಲ್ಲೂ ಇವರಿಗೆ ಜಮೀನಿಲ್ಲ, ಮನೆಯಿಲ್ಲ. ಬಂದು ಇಳಿಯುತ್ತಾರೆ, ಮಾರುತ್ತಾರೆ, ಕೊಳ್ಳುತ್ತಾರೆ, ಹೊರಟುಹೋಗುತ್ತಾರೆ.

ಈ ಹೆಸರು ಓದುಗರ ಬಾಯಲ್ಲಿ ನೆಲೆಯಾಗಲು ಮುಖ್ಯ ಕಾರಣ 1957ರಲ್ಲಿ ಬಂದ ರಾಬರ್ಟ್ ಹೈನ್‌ಲೈನ್ ಅವರ ಕಾದಂಬರಿ ‘ಸಿಟಿಜನ್ ಆಫ್ ದ ಗ್ಯಾಲಕ್ಸಿ’. ಅದಕ್ಕೂ ಮುಂಚೆ 1954ರಲ್ಲಿ ಪೋಲ್ ಆ್ಯಂಡರ್ಸನ್ ತಮ್ಮ ‘ಗೆಟ್ಟೊ’ ಕಥೆಯಲ್ಲಿ ಇಂಥದೇ ಜನರನ್ನು ಕಟ್ಟಿಕೊಟ್ಟಿದ್ದರು. ಅವರಿಗೆ ಇಟ್ಟ ಹೆಸರು ಕಿತ್. 1980ರ ದಶಕದಲ್ಲಿ ಸಿ.ಜೆ. ಚೆರಿ ಬರೆದ ಮರ್ಚಂಟರ್‌ಗಳೂ ಈ ಸಾಲಿಗೇ ಸೇರುತ್ತಾರೆ. ಹೆಸರು ಬೇರೆ ಬೇರೆ, ಬದುಕಿನ ಕಟ್ಟು ಒಂದೇ.

ಈಗ ಈ ಪದವನ್ನು ಬೇಕಾಬಿಟ್ಟಿ ಬಳಸುವುದು ಜಾಸ್ತಿಯಾಗಿದೆ. ಹರಕು ಹಡಗೊಂದನ್ನು ಓಡಿಸಿಕೊಂಡು ಕಳ್ಳಸಾಗಣೆ ಮಾಡುವ ಒಂಟಿ ಕ್ಯಾಪ್ಟನ್‌ಗೂ ಫ್ರೀ ಟ್ರೇಡರ್ ಅನ್ನುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಒಂಟಿ ಗಂಡಸಿನ ಸಾಹಸಕ್ಕೂ ಈ ಕಲ್ಪನೆಗೂ ಸಂಬಂಧವೇ ಇಲ್ಲ. ಹಡಗಿನಲ್ಲಿ ಕೂಸು ಇರಬೇಕು, ಮುದುಕಿ ಇರಬೇಕು, ಮದುವೆಗೆ ಬಂದ ಹುಡುಗಿ ಇರಬೇಕು. ಇವರು ಮೂವರೂ ಯಾಕೆ ಹಡಗು ಹತ್ತಿದರು ಅನ್ನುವುದರಲ್ಲೇ ಈ ಕಲ್ಪನೆಯ ತಿರುಳಿದೆ.

ಮೊದಲು ದೂರದ ಮಾತು. 1977ರಲ್ಲಿ ಹೊರಟ ವಾಯೇಜರ್-1 ನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ. ಸೂರ್ಯನನ್ನು ಬಿಟ್ಟರೆ ನಮಗೆ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ, 4.24 ಜ್ಯೋತಿರ್ವರ್ಷ ದೂರ, ಅಂದರೆ ಬೆಳಕು 4.24 ವರ್ಷ ಓಡುವಷ್ಟು. ವಾಯೇಜರ್ ವೇಗದಲ್ಲಿ ಅಷ್ಟು ದೂರ ಹೋಗಲು ಸುಮಾರು 75 ಸಾವಿರ ವರ್ಷ ಬೇಕು. ಹಾಗಾಗಿ ಕಥೆಗಾರರ ಮುಂದೆ ಎರಡು ದಾರಿ ಇರುತ್ತವೆ. ಬೆಳಕನ್ನೂ ಮೀರಿ ಓಡುವ ಹಡಗನ್ನು ಕಲ್ಪಿಸಿಕೊಳ್ಳುವುದು ಒಂದು. ಹೈನ್‌ಲೈನ್ ಹೋದದ್ದು ಆ ದಾರಿಯಲ್ಲಿ. ಬೆಳಕಿನ ವೇಗದ ಹತ್ತಿರ ಹತ್ತಿರ ಹೋಗುವ ಹಡಗು ಇನ್ನೊಂದು. ಅದು ಆ್ಯಂಡರ್ಸನ್ ದಾರಿ. ನನಗೆ ಹೆಚ್ಚು ಇಷ್ಟ ಎರಡನೆಯದು, ಯಾಕಂದರೆ ಅಲ್ಲಿ ಸಂಸಾರ ಹಡಗು ಹತ್ತದೆ ಬೇರೆ ದಾರಿಯೇ ಇಲ್ಲ.

ಲೆಕ್ಕ ಹಾಕಿ ನೋಡೋಣ. ಟೌ ಸೆಟಿ ಅನ್ನುವ ನಕ್ಷತ್ರ 11.9 ಜ್ಯೋತಿರ್ವರ್ಷ ದೂರದಲ್ಲಿದೆ. ಹಡಗಿನ ವೇಗ ಬೆಳಕಿನ ವೇಗದ ಶೇ. 99 ಅಂತ ಇಟ್ಟುಕೊಳ್ಳಿ. ವೇಗ ಹಿಡಿಯುವ, ತಗ್ಗಿಸುವ ಕಾಲವನ್ನು ಬಿಟ್ಟುಬಿಡೋಣ. ಹೋಗಿಬರಲು ಭೂಮಿಯ ಗಡಿಯಾರದಲ್ಲಿ 24 ವರ್ಷ. ಹಡಗಿನ ಗಡಿಯಾರದಲ್ಲಿ ಸುಮಾರು 3 ವರ್ಷ 5 ತಿಂಗಳು. ಬೆಳಕಿನ ವೇಗಕ್ಕೆ ಹತ್ತಿರವಾದಷ್ಟೂ ಹಡಗಿನ ಗಡಿಯಾರ ಭೂಮಿಯದಕ್ಕಿಂತ ನಿಧಾನವಾಗುತ್ತದೆ. ಇದು ಕಥೆಗಾರರು ಕಟ್ಟಿದ್ದಲ್ಲ, ಐನ್‌ಸ್ಟೈನ್ 1905ರಲ್ಲಿ ತೋರಿಸಿದ್ದು. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದ ಇಬ್ಬರು ಗೆಳತಿಯರಲ್ಲಿ ಒಬ್ಬಳು 25ನೇ ವಯಸ್ಸಿಗೆ ಹಡಗು ಹತ್ತಿದಳು ಅನ್ನಿ. ವಾಪಸ್ ಬರುವಾಗ ಅವಳಿಗೆ ಇಪ್ಪತ್ತೆಂಟು ದಾಟಿರುತ್ತದೆ ಅಷ್ಟೆ. ಊರಲ್ಲೇ ಉಳಿದವಳಿಗೆ 49. ಅವಳ ಮಗಳು ಈಗ ಹಡಗಿನವಳ ಓರಗೆಯವಳು. ಇನ್ನೆರಡು ಸಲ ಹೋಗಿ ಬಂದರೆ ಗುರುತಿನವರು ಅನ್ನುವವರೇ ಊರಲ್ಲಿ ಉಳಿಯುವುದು ಕಷ್ಟ.

ಇಂಥ ಕೆಲಸಕ್ಕೆ ಒಬ್ಬನೇ ಹೋಗುವುದು ಹೇಗೆ? ಹೆಂಡತಿಯನ್ನು ಬಿಟ್ಟು ಹೋದರೆ ಬರುವಷ್ಟರಲ್ಲಿ ಅವಳು ಮುದುಕಿ. ಮಗುವನ್ನು ಬಿಟ್ಟು ಹೋದರೆ ಅದು ಅಪ್ಪನ ಓರಗೆಯದಾಗಿರುತ್ತದೆ. ಜೊತೆಯಲ್ಲಿ ವಯಸ್ಸಾಗುವವರು ಬೇಕು ಅಂದರೆ ಜೊತೆಯಲ್ಲೇ ಕರೆದುಕೊಂಡು ಹೋಗಬೇಕು. ಮನೆತನವೇ ಹಡಗು ಹತ್ತುವುದು ಈ ಒಂದೇ ಕಾರಣಕ್ಕೆ. ಅಲೆದಾಟದ ಚಟ, ಸಾಹಸದ ಹುಚ್ಚು ಅಂತೆಲ್ಲ ಆಮೇಲೆ ಸೇರಿಸಿದರೂ ಮೂಲ ಕಾರಣ ಗಡಿಯಾರ.

ವ್ಯಾಪಾರದ ಕಡೆ ಬಂದರೆ ಈ ಗಡಿಯಾರ ಇನ್ನಷ್ಟು ಕಾಡುತ್ತದೆ. ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸಿಗೆ ಬೆಳಿಗ್ಗೆ ಹರಾಜಿನಲ್ಲಿ ಕೂಗಿದ ದರವನ್ನು ನಂಬಿಕೊಂಡು ಯಾರೂ ಮಾರನೆಯ ದಿನ ಲಾರಿಗೆ ಲೋಡ್ ಮಾಡಿಸುವುದಿಲ್ಲ. ಒಂದು ರಾತ್ರಿಯಲ್ಲಿ ದರ ನೆಲ ಕಚ್ಚಬಹುದು. ಟೌ ಸೆಟಿಗೆ ಹೊರಟ ವ್ಯಾಪಾರಿಯ ಕೈಯಲ್ಲಿರುವ ದರಪಟ್ಟಿ ಹೊರಡುವ ದಿನವೇ 12 ವರ್ಷ ಹಳೆಯದು, ಯಾಕಂದರೆ ಅಲ್ಲಿಂದ ರೇಡಿಯೊ ಸಂದೇಶ ಬರಲು ಅಷ್ಟು ಕಾಲ ಬೇಕು. ಅವನು ಅಲ್ಲಿ ಇಳಿಯುವಾಗ ಆ ದರಕ್ಕೆ 24 ವರ್ಷ ವಯಸ್ಸಾಗಿರುತ್ತದೆ. ಆದರೆ ಇಲ್ಲಿ ಒಂದು ಸೊಗಸಾದ ಸಂಗತಿಯಿದೆ. ರೇಡಿಯೊ ಅಲೆಯೂ ಬೆಳಕಿನ ವೇಗದಲ್ಲೇ ಹೋಗುವುದು. ಹಡಗು ಹೊರಟ ದಿನವೇ ಭೂಮಿಯಿಂದ ಕಳಿಸಿದ ಸುದ್ದಿ ಟೌ ಸೆಟಿಯನ್ನು ಹಡಗಿಗಿಂತ ಬರೀ ಒಂದೂವರೆ ತಿಂಗಳು ಮುಂಚೆ ಮುಟ್ಟುತ್ತದೆ. ಹಾಗಾಗಿ ಹಡಗಿನವರು ಹೇಳುವ ಮಾತು ಆ ಊರಿಗೆ ಹೆಚ್ಚುಕಮ್ಮಿ ಹೊಸ ಸುದ್ದಿಯೇ. ಸರಕಿನ ಜೊತೆಗೆ ಕಥೆ, ಹಾಡು, ಸುದ್ದಿಯನ್ನೂ ಹೊತ್ತು ತರುವವರು ಅನ್ನುವ ಮರ್ಯಾದೆ ಇವರಿಗೆ ಸುಮ್ನೆ ಬಂದದ್ದಲ್ಲ.

ಈ ವ್ಯಾಪಾರಕ್ಕೆ ಸಾಲ ಮಾಡಿದರೆ ಬಡ್ಡಿಯ ಲೆಕ್ಕವೂ ಇದೆ, ಅದನ್ನು ಬರೀ ತಮಾಷೆ ಅಂದುಕೊಳ್ಳಬೇಡಿ. ಅರ್ಥಶಾಸ್ತ್ರದ ನೊಬೆಲ್ ಪಡೆದ ಪಾಲ್ ಕ್ರುಗ್‌ಮನ್ ಯುವಕರಾಗಿದ್ದಾಗ, 1978ರಲ್ಲಿ, ನಕ್ಷತ್ರಗಳ ನಡುವಿನ ವ್ಯಾಪಾರದ ಬಗ್ಗೆಯೇ ಒಂದು ಪ್ರಬಂಧ ಬರೆದರು. ಅದು ಅಚ್ಚಾದದ್ದು 2010ರಲ್ಲಿ. ಅವರು ಎತ್ತಿದ ಪ್ರಶ್ನೆ ಸರಳ. ಸಾಲ ಮಾಡಿ ಸರಕು ಕೊಂಡು ಹೊರಟವನು ಬಡ್ಡಿಯನ್ನು ಯಾವ ಗಡಿಯಾರದ ಪ್ರಕಾರ ಲೆಕ್ಕ ಹಾಕಬೇಕು? ಹಡಗಿನ ಗಡಿಯಾರದ ಪ್ರಕಾರ ಅಲ್ಲ, ಗ್ರಹದ ಗಡಿಯಾರದ ಪ್ರಕಾರ ಅನ್ನುವುದು ಅವರ ಉತ್ತರ. ಹಾಕಿ ನೋಡಿ. ಒಂದು ಲಕ್ಷ ಅಸಲು, ಶೇ. 6 ಚಕ್ರಬಡ್ಡಿ. ಹಡಗಿನವನ ಪ್ರಕಾರ 3 ವರ್ಷ 5 ತಿಂಗಳಿಗೆ ಸಾಲ 1 ಲಕ್ಷ 22 ಸಾವಿರ ಆಗಿರುತ್ತದೆ. ಊರವರ ಪ್ರಕಾರ 24 ವರ್ಷಕ್ಕೆ 4 ಲಕ್ಷ 5 ಸಾವಿರ. ಕಟ್ಟಬೇಕಾದದ್ದು ಎರಡನೆಯದು. ಯಾಕಂದರೆ ಅದೇ ಒಂದು ಲಕ್ಷವನ್ನು ಊರಲ್ಲೇ ಬಡ್ಡಿಗೆ ಬಿಟ್ಟಿದ್ದರೆ ಅಷ್ಟು ಬೆಳೆಯುತ್ತಿತ್ತು. ಅಂದರೆ ನಾಲ್ಕು ಪಟ್ಟು ಬೆಲೆ ಬಾರದ ಸರಕನ್ನು ಹೇರಿಕೊಂಡು ಹೊರಡುವುದೇ ದಂಡ.

ಇದನ್ನು ಚಿಂತಾಮಣಿಯಲ್ಲಿ ಪಿಯುಸಿ ಓದುವ ನಮ್ಮಣ್ಣನ ಮಗಳಿಗೆ ಹೇಳಿದಾಗ ಅವಳು ತಕ್ಷಣ ತಿರುಗಿಸಿ ಕೇಳಿದಳು: “ಹಂಗಾದ್ರೆ ಚಿಕ್ಕಪ್ಪ, ದುಡ್ಡನ್ನ ಬ್ಯಾಂಕಲ್ಲಿ ಹಾಕಿ ಖಾಲಿ ಹಡಗಲ್ಲಿ ಹೋಗ್ಬಂದ್ರೆ ಸಾಕಲ್ವಾ? ಮೂರು ವರ್ಷದಲ್ಲಿ ನಾಲ್ಕು ಪಟ್ಟು!”

“ಇಪ್ಪತ್ನಾಲ್ಕು ವರ್ಷ ಆದ್ಮೇಲೂ ಆ ಬ್ಯಾಂಕ್ ಇರ್ಬೇಕಲ್ಲಮ್ಮ. ಆ ರೂಪಾಯಿಗೆ ಬೆಲೆನೂ ಇರ್ಬೇಕು” ಅಂದೆ.

ಅವಳ ಪ್ರಶ್ನೆ ತುಂಬಾ ಒಳ್ಳೆಯದು. ಈ ವ್ಯಾಪಾರಿಗಳು ಯಾಕೆ ಎಲ್ಲವನ್ನೂ ಹಡಗಿನಲ್ಲೇ ಇಟ್ಟುಕೊಳ್ಳುತ್ತಾರೆ ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ. ಅವರು ಒಂದು ಸುತ್ತು ಹೋಗಿ ಬರುವುದರೊಳಗೆ ಸರ್ಕಾರ ಬದಲಾಗಿರುತ್ತದೆ, ನೋಟು ಬದಲಾಗಿರುತ್ತದೆ, ಕೆಲವು ಸಲ ಆಡುವ ಮಾತೇ ಬದಲಾಗಿರುತ್ತದೆ. ಉದ್ರಿ ಕೊಟ್ಟರೆ ವಸೂಲಿ ಮಾಡಲು ಆ ಮನುಷ್ಯನೇ ಇರುವುದಿಲ್ಲ. ಹಾಗಾಗಿ ಹಡಗಿನ ಹೆಸರೇ ಜಾಮೀನು. ಅಜ್ಜ ಕೊಟ್ಟ ಮಾತನ್ನು ಮೊಮ್ಮಗ ನಡೆಸಬೇಕು. ವರ್ನರ್ ವಿಂಜ್ ಅವರ 1999ರ ಕಾದಂಬರಿಯಲ್ಲಿ ಬರುವ ಚೆಂಗ್ ಹೊ ವ್ಯಾಪಾರಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ತಾಂತ್ರಿಕ ತಿಳಿವಳಿಕೆಯ ಒಂದು ಪಾಲನ್ನು ರೇಡಿಯೊದಲ್ಲಿ ಎಲ್ಲ ಗ್ರಹಗಳಿಗೂ ಪುಕ್ಕಟೆ ಹಂಚುತ್ತಾರೆ. ಗಿರಾಕಿ ಹಾಳಾದರೆ ಮುಂದಿನ ಸಲ ಸಂತೆಯೇ ಇರುವುದಿಲ್ಲ, ಅದಕ್ಕೆ.

ಈ ಕಲ್ಪನೆಯಲ್ಲಿ ನನಗೆ ಎಲ್ಲಕ್ಕಿಂತ ಗಟ್ಟಿ ಅನ್ನಿಸುವ ಭಾಗ ಮದುವೆ. ಒಂದು ಹಡಗು ಅಂದರೆ ಒಂದು ಬೆಡಗು. ಒಳಗಿರುವವರೆಲ್ಲ ಅಣ್ಣತಂಗಿಯರ ಲೆಕ್ಕ. ಹೆಣ್ಣು ಗಂಡು ಹೊರಗಿನಿಂದಲೇ ಬರಬೇಕು. ಹೈನ್‌ಲೈನ್ ಕಥೆಯಲ್ಲಿ ಹಡಗುಗಳೆಲ್ಲ ಒಂದು ಕಡೆ ಕೂಡುವ ದೊಡ್ಡ ಜಾತ್ರೆಯಿದೆ. ಅಲ್ಲಿ ವ್ಯಾಪಾರಕ್ಕಿಂತ ನೆಂಟಸ್ತನದ ಮಾತೇ ಜಾಸ್ತಿ. ಕಥೆಯ ಹುಡುಗ ಗುಲಾಮನಾಗಿದ್ದವನು, ಹಡಗಿನವರು ಅವನನ್ನು ದತ್ತು ತೆಗೆದುಕೊಂಡಿರುತ್ತಾರೆ. ಅದೇ ಹಡಗಿನ ಹುಡುಗಿಯೊಬ್ಬಳು ಅವನನ್ನು ಮೆಚ್ಚುತ್ತಾಳೆ. ಹಿರಿಯರಿಗೆ ಇದು ಗೊತ್ತಾಗುತ್ತದೆ. ಜಗಳವಿಲ್ಲ, ಬೈಗುಳವಿಲ್ಲ, ಅವಳನ್ನು ಬೇರೆ ಹಡಗಿಗೆ ಕೊಟ್ಟುಬಿಡುತ್ತಾರೆ. ಹುಡುಗನಿಗೆ ಸುದ್ದಿ ತಿಳಿಯುವಷ್ಟರಲ್ಲಿ ಅವಳು ಹೋಗಿಯಾಗಿರುತ್ತದೆ. ಗ್ರಹಗಳ ಯಾವ ರಾಜನಿಗೂ ತಲೆ ಬಾಗದ ಈ ಜನ ತಮ್ಮ ಹಡಗಿನೊಳಗೆ ಎಷ್ಟು ಕಟ್ಟಿಹಾಕಿಕೊಂಡಿದ್ದಾರೆ ಅನ್ನುವುದು ಆ ಒಂದು ಸಂಗತಿಯಲ್ಲಿ ಎದೆಗೆ ತಟ್ಟುತ್ತದೆ.

ಚೆರಿ ಅವರ ಮರ್ಚಂಟರ್‌ಗಳದ್ದು ಇನ್ನೊಂದು ಬಗೆ. ಅಲ್ಲಿ ಹೆಣ್ಣು ಹಡಗು ಬಿಟ್ಟು ಹೋಗುವುದಿಲ್ಲ. ತಾಯಿಯ ಹಡಗೇ ಮಗುವಿನ ಹಡಗು. ಅಪ್ಪ ಯಾವುದೋ ನಿಲ್ದಾಣದಲ್ಲಿ ಸಿಕ್ಕ ಬೇರೆ ಹಡಗಿನವನು. ಮಗುವನ್ನು ಸಾಕುವುದು ಅಮ್ಮ, ದೊಡ್ಡಮ್ಮ, ಸೋದರಮಾವಂದಿರು. ಕರಾವಳಿಯ ಅಳಿಯಕಟ್ಟು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೆಲ್ಲ ಬರೀ ಕಲ್ಪನೆ ಅಂತ ಬದಿಗಿಡುವ ಮುಂಚೆ ನಮ್ಮ ಸೀಮೆಯ ತಾಂಡಾಗಳನ್ನು ನೋಡಬೇಕು. ಲಂಬಾಣಿಗಳು ನೂರಾರು ವರ್ಷ ಹೇರೆತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ಸುತ್ತಿದ ವ್ಯಾಪಾರಿಗಳು. ಹೆಂಡತಿ ಮಕ್ಕಳು, ಮುದುಕರು ಎಲ್ಲರೂ ಜೊತೆಯಲ್ಲೇ. ತಾಂಡಾಕ್ಕೊಬ್ಬ ನಾಯಕ, ಅವನಿಗೆ ನೆರವಾಗಲು ಕಾರಭಾರಿ. 1791-92ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಶ್ರೀರಂಗಪಟ್ಟಣದ ಮೇಲೆ ಹೋದಾಗ ಅದರ ಹೊಟ್ಟೆ ತುಂಬಿಸಿದ್ದರಲ್ಲಿ ಇವರ ಎತ್ತುಗಳ ಪಾಲು ದೊಡ್ಡದು. ಪಾವಗಡದ ಕಡೆಯ ಒಂದು ತಾಂಡಾದಲ್ಲಿ ಮದುವೆಯ ಮಾತು ಬಂದಾಗ ಅಲ್ಲಿದ್ದ ಅಜ್ಜಿಯೊಬ್ಬರು ಹುಡುಗನ ಕೆಲಸ, ಸಂಬಳ ಕೇಳುವ ಮುಂಚೆ ಕೇಳಿದ್ದು, “ಹುಡುಗ ರಾಠೋಡನೋ ಪವಾರನೋ, ಅದು ಹೇಳು ಮೊದ್ಲು” ಅಂತ. ಹೆಣ್ಣು ರಾಠೋಡ್ ಆದರೆ ಗಂಡು ರಾಠೋಡ್ ಆಗುವಂತಿಲ್ಲ. ಎತ್ತಿನ ಹೇರು ಹೋಗಿ ಎಷ್ಟೋ ತಲೆಮಾರು ಕಳೆದರೂ ಆ ಪ್ರಶ್ನೆ ಮಾತ್ರ ಹೋಗಿಲ್ಲ.

ಹೇರು ಹೋದದ್ದು ಹೇಗೆ ಅನ್ನುವುದೂ ಈ ಪದ ಅರ್ಥವಾಗಲು ಬೇಕು. 1864ರಲ್ಲಿ ಬೆಂಗಳೂರು ಕಂಟೋನ್ಮೆಂಟ್‌ನಿಂದ ಈಗಿನ ಬಂಗಾರಪೇಟೆ ಮೇಲೆ ಹಾದು ಜೋಲಾರ್‌ಪೇಟೆಗೆ ರೈಲು ಬಂತು. 1884ರಲ್ಲಿ ತುಮಕೂರಿಗೂ ಬಂತು. ಎತ್ತಿನ ಸಾಲು ವಾರಗಟ್ಟಲೆ ನಡೆದು ಹೊತ್ತು ತರುತ್ತಿದ್ದ ಉಪ್ಪು ಈಗ ಒಂದೆರಡು ದಿನದಲ್ಲಿ ಗೂಡ್ಸ್ ಗಾಡಿಯಲ್ಲಿ ಇಳಿಯತೊಡಗಿತು. ದಾರಿ ಕಷ್ಟವಿದ್ದಾಗ ಬೇಕಾಗಿದ್ದ ಜನ ದಾರಿ ಸುಲಭವಾದಾಗ ಬೇಡವಾದರು. ಅದರ ಜೊತೆಗೇ 1871ರಲ್ಲಿ ಬ್ರಿಟಿಷರು ಅಲೆಮಾರಿ ಬುಡಕಟ್ಟುಗಳನ್ನು ಹುಟ್ಟಾ ಅಪರಾಧಿಗಳೆಂದು ಪಟ್ಟಿ ಮಾಡುವ ಕಾಯ್ದೆ ತಂದರು. ಹಲವು ಕಡೆ ಲಂಬಾಣಿಗಳೂ ಆ ಪಟ್ಟಿಗೆ ಸೇರಿದರು. ಆ ಕಾಯ್ದೆಯ ಹಣೆಪಟ್ಟಿ ಕಳಚಿದ್ದು 1952ರಲ್ಲಿ. ನಿನ್ನೆಯವರೆಗೆ ಸೈನ್ಯಕ್ಕೆ ಅನ್ನ ತಂದವರು ಇವತ್ತು ಪೊಲೀಸ್ ಠಾಣೆಗೆ ಹಾಜರಿ ಹಾಕಬೇಕು ಅಂದರೆ ಎಂಥ ಅನ್ಯಾಯ!

ಆ್ಯಂಡರ್ಸನ್ ಕಥೆ ಓದುವಾಗ ನನಗೆ ಇದೇ ನೆನಪಾಗುವುದು. ಅಲ್ಲಿ ಕಿತ್ ಜನ ಭೂಮಿಗೆ ಬಂದಾಗ ಊರಾಚೆಯ ತಮ್ಮದೇ ಕೇರಿಯಲ್ಲಿ ಇಳಿದುಕೊಳ್ಳುತ್ತಾರೆ. ಹೊರಗೆ ರಾಜ್ಯಗಳು ಹುಟ್ಟಿ ಸಾಯುತ್ತಿದ್ದರೂ ಆ ಕೇರಿ ಹಾಗೇ ಇರುತ್ತದೆ. ಅವರು ತರುವ ಸರಕು ಎಲ್ಲರಿಗೂ ಬೇಕು, ಅವರು ಮಾತ್ರ ಯಾರಿಗೂ ಬೇಡ. ಕಥೆಯ ನಾಯಕ ಭೂಮಿಯ ದೊಡ್ಡ ಮನೆತನದ ಹುಡುಗಿಯನ್ನು ಮೆಚ್ಚಿ, ಅಲ್ಲೇ ನೆಲೆ ನಿಲ್ಲಲು ನೋಡುತ್ತಾನೆ. ಆ ಸಮಾಜದವರು ಕಿತ್ ಜನರ ಬಗ್ಗೆ ಆಡುವ ಮಾತು ಕೇಳಿಸಿಕೊಂಡ ಮೇಲೆ ಹಡಗಿಗೇ ವಾಪಸ್ ಹೋಗುತ್ತಾನೆ. ಫ್ರೀ ಟ್ರೇಡರ್ ಕಥೆಗಳಲ್ಲಿ ಈ ಅವಮಾನದ ಭಾಗವನ್ನು ಬಿಟ್ಟು ಬರೀ ಸಾಹಸವನ್ನು ಬರೆದವರು ಅರ್ಧವನ್ನಷ್ಟೇ ಬರೆದಿದ್ದಾರೆ ಅನ್ನುವುದು ನನ್ನ ಅಭಿಪ್ರಾಯ.

ಎರಡು ಕಡೆ ಈ ಪದ ಸಲ್ಲುವುದಿಲ್ಲ, ಅಷ್ಟನ್ನು ಹೇಳಿಬಿಡುತ್ತೇನೆ. ತಲೆಮಾರುಗಟ್ಟಲೆ ಒಂದೇ ಕಡೆಗೆ ಸಾಗುವ, ಮುಂದೆ ಹೊಸ ಗ್ರಹದಲ್ಲಿ ಊರು ಕಟ್ಟಲು ಹೊರಟ ಹಡಗುಗಳಿರುತ್ತವಲ್ಲ, ಅಲ್ಲಿರುವವರು ವಲಸೆಗಾರರು. ಅವರಿಗೆ ಮತ್ತೆ ಮತ್ತೆ ಬರುವ ಸಂತೆಯಿಲ್ಲ, ಕಾಯುವ ಗಿರಾಕಿಯಿಲ್ಲ. ಇನ್ನು ಕೆಲವರು ನಮ್ಮ ಐಹೊಳೆಯ ಐನೂರ್ವರನ್ನು ಇವರಿಗೆ ಹೋಲಿಸುತ್ತಾರೆ. ಆನೆ, ಕುದುರೆ, ರತ್ನ, ಸಾಂಬಾರ ಪದಾರ್ಥಗಳ ವ್ಯಾಪಾರಕ್ಕೆ ನಾನಾ ದೇಶ ಸುತ್ತಿದ ಅವರ ಹಿರಿಮೆ ಶಾಸನಗಳಲ್ಲಿದೆ. ಆದರೆ ಅದು ಬೇರೆ ಬೇರೆ ಊರಿನ, ಬೇರೆ ಬೇರೆ ಕುಲದ ವ್ಯಾಪಾರಿಗಳ ಸಂಘ. ದೇಶ ಸುತ್ತಿ ಬಂದವನಿಗೆ ಊರಲ್ಲಿ ಮನೆಯಿತ್ತು, ಮನೆಯಲ್ಲಿ ಅವನದೇ ವಯಸ್ಸಿನ ಹೆಂಡತಿ ಇದ್ದಳು.