ಬೈತಲೆ ಅಗಲವಾದಾಗ

ಜುಟ್ಟಿಗೆ ಎರಡು ಸುತ್ತು ಬರುತ್ತಿದ್ದ ರಬ್ಬರ್ ಬ್ಯಾಂಡು ಒಂದು ದಿನ ಮೂರು ಸುತ್ತು ಬರುತ್ತದೆ. ಕೂದಲು ಕಡಿಮೆಯಾಗಿರುವುದು ಎಷ್ಟೋ ಹೆಂಗಸರಲ್ಲಿ ಕನ್ನಡಿಗಿಂತ ಮೊದಲು ಬೆರಳುಗಳಿಗೆ ಗೊತ್ತಾಗುತ್ತದೆ. ಲೆಕ್ಕ ಹಾಕಿದರೆ ಆ ಒಂದು ಸುತ್ತು ಸಣ್ಣ ಸಂಗತಿಯೇನಲ್ಲ. ಜುಟ್ಟಿನ ಸುತ್ತಳತೆ ಮೂರರಲ್ಲಿ ಎರಡು ಪಾಲಾದರೆ, ಅದರೊಳಗೆ ಹಿಡಿಸುವ ಕೂದಲು ಒಂಬತ್ತರಲ್ಲಿ ನಾಲ್ಕೇ ಪಾಲು, ಅರ್ಧಕ್ಕಿಂತಲೂ ಕಡಿಮೆ.

ಇಷ್ಟಾದರೂ ಎದುರು ನಿಂತವರಿಗೆ ಏನೂ ಕಂಡಿರುವುದಿಲ್ಲ. ನೆತ್ತಿಯ ಕೂದಲು ಸುಮಾರು ಅರ್ಧಕ್ಕೆ ಇಳಿಯುವ ತನಕ ಅದು ಬೇರೆಯವರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ ಎಂಬುದು ಚರ್ಮವೈದ್ಯರಲ್ಲಿ ರೂಢಿಯಲ್ಲಿರುವ ಅಂದಾಜು. 'ನಿನ್ನ ಕೂದಲಿಗೆ ಏನಾಗಿದೆ, ಚೆನ್ನಾಗಿಯೇ ಇದೆಯಲ್ಲ' ಎನ್ನುವ ಮನೆಯವರು ಸುಳ್ಳು ಹೇಳುತ್ತಿಲ್ಲ. ಅವಳ ಕಳವಳವೂ ಸುಳ್ಳಲ್ಲ. ಅಳೆಯುತ್ತಿರುವ ಕೋಲು ಬೇರೆ ಬೇರೆ, ಅಷ್ಟೆ.

ಜುಟ್ಟು ಸಣ್ಣಗಾಗಲು ಎರಡು ದಾರಿಗಳಿವೆ. ಒಂದು ಗದ್ದಲದ್ದು, ಇನ್ನೊಂದು ಸದ್ದಿಲ್ಲದ್ದು.

ಗದ್ದಲದ ದಾರಿಯಲ್ಲಿ ಬಾಚಣಿಗೆ, ದಿಂಬು, ಬಚ್ಚಲಿನ ಜಾಲರಿ ಎಲ್ಲೆಲ್ಲೂ ಕೂದಲೇ. ನಮ್ಮ ತಲೆಯಲ್ಲಿ ಸುಮಾರು 1,00,000 ಕೂದಲಿರುತ್ತವೆ. ಅವುಗಳಲ್ಲಿ ನೂರಕ್ಕೆ 85ರಿಂದ 90 ಬೆಳೆಯುತ್ತಿರುತ್ತವೆ. ಈ ಬೆಳವಣಿಗೆಯ ಹಂತ 2ರಿಂದ 6 ವರ್ಷ ನಡೆಯುತ್ತದೆ, ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ. ಆಮೇಲೆ ಕೂದಲು ಮೂರು ತಿಂಗಳ ಮಟ್ಟಿಗೆ ಸುಮ್ಮನೆ ಕೂತು, ಕೆಳಗಿನಿಂದ ಹೊಸದು ಏಳುವಾಗ ಉದುರುತ್ತದೆ. ದಿನಕ್ಕೆ 50ರಿಂದ 100 ಹೀಗೆ ಹೋಗುವುದು ಮಾಮೂಲು. ತಲೆಸ್ನಾನದ ದಿನ ಇನ್ನೂ ಹೆಚ್ಚು. ಹೆರಿಗೆ, ಜೋರು ಜ್ವರ, ದೊಡ್ಡ ಶಸ್ತ್ರಚಿಕಿತ್ಸೆ, ಊಟ ಬಿಟ್ಟು ತೂಕ ಇಳಿಸಿದ್ದು, ಇಂಥ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಕೂದಲುಗಳ ದೊಡ್ಡದೊಂದು ಗುಂಪು ಒಟ್ಟಿಗೇ ಕೆಲಸ ನಿಲ್ಲಿಸಿ ವಿಶ್ರಾಂತಿಗೆ ಹೋಗುತ್ತದೆ. ಉದುರುವುದು ಮಾತ್ರ ಎರಡು ಮೂರು ತಿಂಗಳ ನಂತರ. ಅಷ್ಟರಲ್ಲಿ ಜ್ವರ ಬಂದದ್ದೇ ಮರೆತಿರುತ್ತದೆ, ಅಪವಾದ ಹೊಸದಾಗಿ ತಂದ ಶಾಂಪೂವಿನ ತಲೆಗೆ ಬರುತ್ತದೆ. ಈ ಬಗೆಯಲ್ಲಿ ಬೇರಿಗೆ ಏನೂ ಆಗಿರುವುದಿಲ್ಲ. ಕಾರಣ ನಿವಾರಣೆಯಾದರೆ ಆರು ತಿಂಗಳ ಆಸುಪಾಸಿನಲ್ಲಿ ಉದುರುವುದು ತಾನಾಗಿ ನಿಲ್ಲುತ್ತದೆ. ಹೊಸ ಕೂದಲು ಹಳೆಯ ಉದ್ದಕ್ಕೆ ಬರಲು ಮಾತ್ರ ವರ್ಷಗಳೇ ಬೇಕು.

ಸದ್ದಿಲ್ಲದ ದಾರಿಯಲ್ಲಿ ಉದುರುವುದು ಅಷ್ಟಾಗಿ ಗಮನಕ್ಕೇ ಬರುವುದಿಲ್ಲ. ಕೂದಲು ಬೆಳೆದು ಉದುರುವ ಪ್ರತಿ ಸುತ್ತಿನಲ್ಲೂ ರೋಮಕೂಪ, ಎಂದರೆ ಕೂದಲು ಹುಟ್ಟುವ ಗುಳಿ, ಸ್ವಲ್ಪ ಕುಗ್ಗುತ್ತದೆ, ಬೆಳೆಯುವ ಅವಧಿ ಮೊಟಕಾಗುತ್ತದೆ, ಮುಂದಿನ ಕೂದಲು ಇನ್ನಷ್ಟು ಸಣಕಲಾಗಿ ಹುಟ್ಟುತ್ತದೆ. ಒಂದು ಕೂದಲಿನ ದಪ್ಪ ಅರ್ಧವಾದರೆ ಅದು ತುಂಬುವ ಜಾಗ ಕಾಲುಭಾಗ. ಗಂಡಸರಲ್ಲಿ ಹಣೆಯ ಅಂಚೇ ಹಿಂದೆ ಸರಿಯುತ್ತದೆ. ಹೆಂಗಸರಲ್ಲಿ ಸಾಮಾನ್ಯವಾಗಿ ಆ ಅಂಚು ಹಾಗೇ ಉಳಿದು, ನಡುವಿನ ಬೈತಲೆ ಅಗಲವಾಗುತ್ತ ಹೋಗುತ್ತದೆ. ಇದನ್ನು ಮೂರು ಹಂತಗಳಾಗಿ ವಿಂಗಡಿಸಿ 1977ರಲ್ಲಿ ಚರ್ಮವೈದ್ಯ ಎರಿಕ್ ಲುಡ್ವಿಗ್ ಕೊಟ್ಟ ಚಿತ್ರಗಳನ್ನು ವೈದ್ಯರು ಈಗಲೂ ಬಳಸುತ್ತಾರೆ. ಇದಕ್ಕೆ ವಂಶವಾಹಿಗಳು ಕಾರಣ, ಹಾರ್ಮೋನುಗಳ ಕೈವಾಡವೂ ಇದೆ. ಆದರೆ ಈ ತೊಂದರೆಯಿರುವ ಬಹುಪಾಲು ಹೆಂಗಸರ ರಕ್ತದಲ್ಲಿ ಹಾರ್ಮೋನು ಮಟ್ಟ ಸರಿಯಾಗಿಯೇ ಇರುತ್ತದೆ. ಮುಟ್ಟು ಏರುಪೇರಾಗಿದ್ದು ಗಲ್ಲದ ಮೇಲೆ ಒರಟು ಕೂದಲೂ ಬರುತ್ತಿದ್ದರೆ ಮಾತು ಬೇರೆ, ಆಗ ಪರೀಕ್ಷೆ ಬೇಕು. ಕಬ್ಬಿಣದ ಕೊರತೆ ಮತ್ತು ಥೈರಾಯ್ಡನ್ನು ಹೇಗೂ ಒಮ್ಮೆ ನೋಡಿಸಿಬಿಡುವುದು ಒಳ್ಳೆಯದು.

ತೆಳುವಾದ ಕೂದಲನ್ನು ಮರೆಮಾಚುವ ಉಪಾಯಗಳಿಗೆ ಬರುವ ಮೊದಲು ಒಂದು ಎಚ್ಚರಿಕೆ. ಕೂದಲು ನಾಣ್ಯದಗಲದ ಬಿಲ್ಲೆ ಬಿಲ್ಲೆಯಾಗಿ ಹೋಗುತ್ತಿದ್ದರೆ, ನೆತ್ತಿ ಉರಿಯುತ್ತಿದ್ದರೆ ಅಥವಾ ನೋಯುತ್ತಿದ್ದರೆ, ಬೋಳಾದ ಕಡೆ ಚರ್ಮ ರಂಧ್ರಗಳೇ ಕಾಣದಂತೆ ನುಣುಪಾಗಿ ಹೊಳೆಯುತ್ತಿದ್ದರೆ ಮುಚ್ಚುವ ಸಾಮಗ್ರಿ ಆಮೇಲೆ, ಚರ್ಮವೈದ್ಯರು ಮೊದಲು. ಮುಟ್ಟು ನಿಂತ ಮೇಲೆ ಹಣೆಯಂಚು ಹಿಂದೆ ಸರಿಯುತ್ತ ಹುಬ್ಬೂ ಉದುರುವ ಒಂದು ರೋಗವನ್ನು 1994ರಲ್ಲಿ ಚರ್ಮವೈದ್ಯ ಸ್ಟೀವನ್ ಕೊಸಾರ್ಡ್ ಗುರುತಿಸಿದರು. ಅದರಲ್ಲಿ ರೋಮಕೂಪದ ಜಾಗದಲ್ಲಿ ಗಾಯದ ಕಲೆ ಕೂರುತ್ತದೆ, ಅಲ್ಲಿ ಮತ್ತೆ ಕೂದಲು ಹುಟ್ಟುವುದಿಲ್ಲ. ಇಂಥವುಗಳ ಮೇಲೆ ಬಣ್ಣ ಬಳಿದುಕೊಂಡು ಕೂತರೆ ಕಳೆದುಹೋಗುವುದು ಚಿಕಿತ್ಸೆಗೆ ಸಿಗಬಹುದಾಗಿದ್ದ ಕಾಲ.

ಔಷಧದಲ್ಲೂ ಕಾಲದ್ದೇ ತಕರಾರು. ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆ. ನುಂಗಿದವರ ಮೈಮೇಲೆಲ್ಲ ಕೂದಲು ಬೆಳೆಯತೊಡಗಿದಾಗ ಅದನ್ನು ತಲೆಗೆ ಹಚ್ಚುವ ಯೋಚನೆ ಹುಟ್ಟಿತು. ಅಮೆರಿಕದಲ್ಲಿ ಹಚ್ಚುವ ಔಷಧಕ್ಕೆ ಗಂಡಸರಿಗೆಂದು 1988ರಲ್ಲಿ, ಹೆಂಗಸರಿಗೆಂದು 1991ರಲ್ಲಿ ಒಪ್ಪಿಗೆ ಸಿಕ್ಕಿತು. ಮೊದಲ ವಾರಗಳಲ್ಲಿ ಉದುರುವುದು ಹೆಚ್ಚಾಗಬಹುದು: ಸುಮ್ಮನೆ ಕೂತಿದ್ದ ಕೂದಲನ್ನು ಹೊಸದು ಹೊರಗೆ ತಳ್ಳುತ್ತದೆ. ಬಹಳ ಜನ ಹೆದರಿ ಸೀಸೆಯನ್ನು ಎಸೆಯುವುದು ಆಗಲೇ. ಗುಣ ಕಾಣಲು ನಾಲ್ಕರಿಂದ ಆರು ತಿಂಗಳು, ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಗಳಿಸಿದ್ದೆಲ್ಲ ಮಾಯ. ಬಸುರಿಯರು, ಹಾಲೂಡಿಸುವವರು ಇದರಿಂದ ದೂರ. ಮನೆಯಲ್ಲಿ ಬೆಕ್ಕಿದ್ದರೆ ಹಚ್ಚಿದ ತಲೆಯನ್ನೂ ದಿಂಬನ್ನೂ ಅದು ನೆಕ್ಕದಂತೆ ನೋಡಿಕೊಳ್ಳಿ, ಬೆಕ್ಕಿಗೆ ಅದು ವಿಷ. ಕೂದಲಿಗೆಂದು ನುಂಗುವ ಬಯೋಟಿನ್ ಎಂಬ ವಿಟಮಿನ್ ಮಾತ್ರೆಯ ಬಗ್ಗೆ ನನಗೆ ಅಷ್ಟು ಆದರವಿಲ್ಲ. ಅದರ ಕೊರತೆ ಅಪರೂಪ, ಹೆಚ್ಚು ಪ್ರಮಾಣದಲ್ಲಿ ನುಂಗಿದರೆ ಥೈರಾಯ್ಡ್ ಪರೀಕ್ಷೆ, ಹೃದಯಾಘಾತ ಪತ್ತೆಯ ರಕ್ತಪರೀಕ್ಷೆ ಮುಂತಾದವು ತಪ್ಪು ಫಲಿತಾಂಶ ತೋರಿಸಬಹುದು.

ಅಂತೂ ಕೂದಲು ಉತ್ತರ ಕೊಡುವುದು ತಿಂಗಳುಗಳ ಲೆಕ್ಕದಲ್ಲಿ. ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗುವವಳಿಗೆ ಬೇಕಾದದ್ದು ನಾಳೆ ಬೆಳಿಗ್ಗೆಯ ಉತ್ತರ. ಮರೆಮಾಚುವುದು ಸೋಲೂ ಅಲ್ಲ, ಒಣ ಜಂಭವೂ ಅಲ್ಲ. ಈ ಎರಡು ಗಡಿಯಾರಗಳ ನಡುವಿನ ಅಂತರ ತುಂಬುವ ಉಪಾಯ ಎಂದೇ ನಾನು ತಿಳಿದಿದ್ದೇನೆ.

ಉಪಾಯದ ಬುಡದಲ್ಲಿರುವುದು ಬೆಳಕಿನ ಆಟ. ಕಣ್ಣು ಕೂದಲನ್ನು ಎಣಿಸುವುದಿಲ್ಲ, ಕೂದಲಿಗೂ ಚರ್ಮಕ್ಕೂ ಬಣ್ಣದಲ್ಲಿ ಎಷ್ಟು ವ್ಯತ್ಯಾಸವಿದೆ ಎಂದು ನೋಡುತ್ತದೆ. ಬಿಳಿಚಿದ ನೆತ್ತಿಯ ಮೇಲೆ ಕಡುಗಪ್ಪು ಕೂದಲಿದ್ದರೆ ಒಂದು ಗೆರೆಯಷ್ಟು ಜಾಗವೂ ಎದ್ದು ಕಾಣುತ್ತದೆ; ಅಷ್ಟೇ ಕೂದಲು ಕಪ್ಪು ನೆತ್ತಿಯ ಮೇಲಿದ್ದರೆ ಯಾರಿಗೂ ತೋರುವುದಿಲ್ಲ. ಲಿಫ್ಟಿನ ದೀಪದಂತೆ ನೇರ ಮೇಲಿಂದ ಬೀಳುವ ಬೆಳಕು ಎಂಥವರ ಬೈತಲೆಯನ್ನೂ ಬಯಲು ಮಾಡುತ್ತದೆ. ಒದ್ದೆ ಕೂದಲಲ್ಲಿ ನೀರಿನ ಎಳೆತದಿಂದ ಹತ್ತಾರು ಎಳೆಗಳು ಒಂದಕ್ಕೊಂದು ಅಂಟಿ ಕಡ್ಡಿಗಳಂತಾಗುತ್ತವೆ, ನಡುವೆ ಚರ್ಮ ಇಣುಕುತ್ತದೆ. ಸ್ನಾನ ಮಾಡಿದ ಕೂಡಲೇ ಕನ್ನಡಿಯಲ್ಲಿ ನೆತ್ತಿ ಪರೀಕ್ಷಿಸಿಕೊಂಡು ಎದೆ ಒಡೆದುಕೊಳ್ಳುವುದು ಬೇಡ.

ಎಲ್ಲಕ್ಕಿಂತ ಅಗ್ಗದ ಉಪಾಯ ಬೈತಲೆ ಬದಲಿಸುವುದು. ವರ್ಷಗಟ್ಟಲೆ ಒಂದೇ ಕಡೆ ತೆಗೆದ ಬೈತಲೆಯ ಎರಡೂ ಮಗ್ಗುಲಲ್ಲಿ ಕೂದಲು ಚಪ್ಪಟೆಯಾಗಿ ಮಲಗುವುದನ್ನು ಕಲಿತಿರುತ್ತದೆ. ಬದಿಗೆ ಸರಿಸಿದರೆ, ಇಲ್ಲವೇ ಬಾಚಣಿಗೆಯ ತುದಿಯಿಂದ ಅಂಕುಡೊಂಕಾಗಿ ತೆಗೆದರೆ, ಬುಡ ತುಸು ಎದ್ದು ನಿಲ್ಲುತ್ತದೆ, ಬಿಳಿ ಗೆರೆಯೂ ಮುರಿಯುತ್ತದೆ. ಉದ್ದ ಕೂದಲು ತನ್ನ ಭಾರಕ್ಕೇ ಒರಗುವುದರಿಂದ ಭುಜದ ಮಟ್ಟಕ್ಕೆ, ತುದಿ ಒಂದೇ ಸಮನಾಗಿರುವಂತೆ ಕತ್ತರಿಸಿದರೆ ತುಂಬಿಕೊಂಡಂತೆ ಕಾಣುತ್ತದೆ. ಒದ್ದೆಯಾದಾಗ ಕೂದಲೊಳಗಿನ ಹೈಡ್ರೋಜನ್ ಬಂಧಗಳು ಬಿಡುತ್ತವೆ, ಒಣಗುವಾಗ ಕೂದಲು ಯಾವ ಭಂಗಿಯಲ್ಲಿದೆಯೋ ಹಾಗೇ ಮತ್ತೆ ಕೂಡುತ್ತವೆ. ತಲೆ ಬಗ್ಗಿಸಿ, ಬುಡವನ್ನು ಬೆರಳಿಂದ ಎತ್ತುತ್ತ ಹದವಾದ ಬಿಸಿಗಾಳಿಯಲ್ಲಿ ಒಣಗಿಸಿದರೆ ಉಬ್ಬು ನಿಲ್ಲುವುದು ಇದರಿಂದಲೇ. ತೇವದ ಗಾಳಿಗೆ ಇಳಿದುಹೋಗುವುದೂ ಇದರಿಂದಲೇ.

ಇದರ ಮುಂದಿನದು ನೆತ್ತಿಗೇ ಬಣ್ಣ ಕೊಡುವುದು. ಕೂದಲ ಬಣ್ಣದ, ಹೊಳಪಿಲ್ಲದ ಪುಡಿಯನ್ನು ಬ್ರಷ್ಷಿನಿಂದ ಬೈತಲೆಗೆ ಒತ್ತಿದರೆ ಚರ್ಮ ಹಿನ್ನೆಲೆಗೆ ಸರಿಯುತ್ತದೆ. ನೆತ್ತಿಯ ಮೇಲೆ ಚಿಮುಕಿಸಿಕೊಳ್ಳುವ ಕೆರಾಟಿನ್ (ಕೂದಲಲ್ಲೇ ಇರುವ ಪ್ರೋಟೀನು) ನಾರುಗಳೂ ಇವೆ. ಹೆಚ್ಚಾಗಿ ಉಣ್ಣೆಯಿಂದ ಮಾಡಿದ, ಕಣ್ಣಿಗೆ ಪುಡಿಯಂತೆಯೇ ತೋರುವ ಈ ನಾರುಗಳು ಸ್ಥಾಯಿ ವಿದ್ಯುತ್ತಿನ ಸೆಳೆತದಿಂದ ಇರುವ ಕೂದಲಿಗೆ ಹತ್ತಿಕೊಂಡು ಅದನ್ನು ದಪ್ಪ ತೋರಿಸುತ್ತವೆ. ಹತ್ತಿಕೊಳ್ಳಲು ಕೂದಲು ಇರಲೇಬೇಕು. ಪೂರ್ತಿ ಬೋಳಾದ ಜಾಗದಲ್ಲಿ ಅವು ಬರೀ ಧೂಳು. ತಲೆ ಚೆನ್ನಾಗಿ ಒಣಗಿರಬೇಕು, ಔಷಧ ಹಚ್ಚಿದ್ದರೆ ಅದೂ ಆರಿರಬೇಕು. ಬಣ್ಣವನ್ನು ಕೂದಲ ತುದಿಗಲ್ಲ, ಬುಡಕ್ಕೆ ಹೊಂದಿಸಿ ಆರಿಸಬೇಕು. ಈ ನಾರುಗಳು ಸಾಧಾರಣ ಬೆವರನ್ನು ತಾಳಿಕೊಳ್ಳುತ್ತವೆ, ಜಡಿಮಳೆಯನ್ನಲ್ಲ. ನೆತ್ತಿಗೆ ಚುಕ್ಕೆ ಚುಕ್ಕೆಯಾಗಿ ಹಚ್ಚೆ ಹಾಕಿಸುವ ವಿಧಾನ ಒಂದಿದೆ. ಕೂದಲು ಬೆಳ್ಳಗಾಗುತ್ತದೆ, ಹಚ್ಚೆ ಬೆಳ್ಳಗಾಗುವುದಿಲ್ಲ ಎಂಬುದನ್ನು ಯೋಚಿಸಿಯೇ ಮುಂದುವರಿಯಬೇಕು.

ಹೊಸ ಕೂದಲನ್ನು ಇರುವ ಕೂದಲಿಗೇ ಕಟ್ಟುವ ಉಪಾಯಗಳಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಭಾರ ಹೊರುವವರು ಯಾರು? ಅಂಟಿಸಿದ ಅಥವಾ ಹೆಣೆದು ಬಿಗಿದ ಎಕ್ಸ್‌ಟೆನ್ಶನ್ ಹಗಲೂ ರಾತ್ರಿ ಜಗ್ಗುತ್ತಿರುತ್ತದೆ, ಜಗ್ಗಿಸಿಕೊಳ್ಳುವುದು ಮೊದಲೇ ಸೊರಗಿದ ಬುಡ. ಎಳೆತದಿಂದ ಉದುರಿದ ಕೂದಲು ಆರಂಭದಲ್ಲಾದರೆ ಮರಳಿ ಬರುತ್ತದೆ, ವರ್ಷಗಟ್ಟಲೆ ಎಳೆದರೆ ಬರುವುದಿಲ್ಲ. ಬಿಗಿಯಾದ ತುರುಬಿಗೂ ಭಾರದ ಚವರಿಗೂ ಇದೇ ಮಾತು. ಕಟ್ಟಿದ ಮೇಲೆ ತಲೆ ನೋಯುತ್ತಿದ್ದರೆ, ಹಣೆಯಂಚಿನಲ್ಲಿ ಸಣ್ಣ ಗುಳ್ಳೆ ಎದ್ದರೆ ಅದು ಬಿಗಿ ಹೆಚ್ಚಾಯಿತೆಂಬ ದೂರು. ನೆತ್ತಿಯ ಭಾಗವನ್ನಷ್ಟೇ ಮುಚ್ಚುವ ಟಾಪರ್‌ಗಳು ಕ್ಲಿಪ್ಪಿನಲ್ಲಿ ನಿಲ್ಲುತ್ತವೆ. ಅವೂ ಎಳೆಯುತ್ತವೆ, ಆದರೆ ರಾತ್ರಿ ತೆಗೆದಿಡಬಹುದು, ಕ್ಲಿಪ್ಪಿನ ಜಾಗ ಆಗಾಗ ಬದಲಿಸಬಹುದು.

ವಿಗ್ಗಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅದರ ಮೇಲಿನ ಅಂಜಿಕೆ ಬಹುಪಾಲು ಹಳೆಯ ಕಾಲದ್ದು. ಕೂದಲ ಪಟ್ಟಿಗಳನ್ನು ಯಂತ್ರದಲ್ಲಿ ಹೊಲಿದ ಟೊಪ್ಪಿಯಲ್ಲಿ ಬೈತಲೆ ತೆಗೆದರೆ ಹೊಲಿಗೆ ಕಾಣಿಸುತ್ತದೆ. ತೆಳುವಾದ ಜಾಲರಿ ಬಟ್ಟೆಗೆ ಒಂದೊಂದೇ ಕೂದಲನ್ನು ಕೈಯಲ್ಲಿ ಗಂಟು ಹಾಕಿದ್ದಾದರೆ ಆ ಜಾಲರಿಯ ಮೂಲಕ ನಿಮ್ಮದೇ ಚರ್ಮ ಕಾಣುತ್ತದೆ, ಬೈತಲೆಯನ್ನು ಬೇಕಾದ ಕಡೆ ತೆಗೆಯಬಹುದು. ಕೃತಕ ನಾರಿನ ವಿಗ್ಗು ತೊಳೆದು ಕೊಡವಿದರೆ ತನ್ನ ಆಕಾರಕ್ಕೆ ತಾನೇ ಮರಳುತ್ತದೆ, ಬಿಸಿಯನ್ನು ಮಾತ್ರ ತಾಳದು. ಓವನ್ನಿನ ಬಾಗಿಲು ತೆರೆದಾಗ ಮುಖಕ್ಕೆ ಬಡಿಯುವ ಝಳ ಸಾಕು, ಮುಂದಿನ ಕೂದಲು ಸುರುಟಿಹೋಗಲು. ಮನುಷ್ಯರ ಕೂದಲಿನದು ಹೆಚ್ಚು ಬಾಳುತ್ತದೆ, ಬೇಕಾದ ಹಾಗೆ ತಿರುಗಿಸಬಹುದು. ಆದರೆ ಪ್ರತಿ ಸಲ ತೊಳೆದ ಮೇಲೆ ಮತ್ತೆ ಸಿಂಗರಿಸಬೇಕು, ಬಿಸಿಲಿಗೆ ಬಣ್ಣ ಮಾಸುತ್ತದೆ.

ವಿಗ್ಗಿನ ಗುಟ್ಟು ರಟ್ಟಾಗುವುದು ಅದರ ಸಮೃದ್ಧಿಯಿಂದ. ಹೊಸ ವಿಗ್ಗಿನಲ್ಲಿ ಹದಿಹರೆಯದವರಿಗೂ ಇಲ್ಲದಷ್ಟು ಕೂದಲು ತುಂಬಿರುತ್ತಾರೆ, ಮೇಲೊಂದು ಕನ್ನಡಿಯಂಥ ಹೊಳಪು. ಅದನ್ನು ಧರಿಸಿಯೇ ಕೂದಲು ಕತ್ತರಿಸುವವರ ಬಳಿ ಹೋಗಿ ಒಳಗಿನಿಂದ ತೆಳುಮಾಡಿಸಿ, ಮುಖಕ್ಕೆ ಹೊಂದುವಂತೆ ಕತ್ತರಿಸಿಕೊಳ್ಳಬೇಕು. ಹೊಳಪು ತಗ್ಗಿಸಲು ಚಿಟಿಕೆ ಡ್ರೈ ಶಾಂಪೂ ಪುಡಿ ಸಾಕು. ಕ್ಯಾನ್ಸರಿನ ಕೀಮೋಥೆರಪಿಗೆ ಅಣಿಯಾಗುತ್ತಿರುವವರು ತಮ್ಮ ಕೂದಲು ಇರುವಾಗಲೇ ಬಣ್ಣ ಹೊಂದಿಸಿ ತಂದಿಟ್ಟುಕೊಳ್ಳುವುದು ಒಳಿತು, ಮೊದಲ ಡೋಸಿನ ಎರಡು ಮೂರು ವಾರಗಳಲ್ಲೇ ಉದುರಲು ಶುರುವಾಗುತ್ತದೆ. ಕೀಮೋ ವೇಳೆ ನೆತ್ತಿಯನ್ನು ತಣ್ಣಗಿಟ್ಟು ಅಲ್ಲಿಗೆ ರಕ್ತ ಹರಿಯುವುದನ್ನು ಕಡಿಮೆ ಮಾಡುವ ಟೊಪ್ಪಿಗಳೂ ಇವೆ. ಎಲ್ಲ ಔಷಧಕ್ಕೂ ಎಲ್ಲ ಕ್ಯಾನ್ಸರಿಗೂ ಅವು ಒಗ್ಗುವುದಿಲ್ಲವಾದ್ದರಿಂದ ಚಿಕಿತ್ಸೆ ಕೊಡುವವರನ್ನೇ ಕೇಳಬೇಕು.

ಮರೆಮಾಚುವಿಕೆಗೂ ಒಂದು ಸುಂಕವಿದೆ. ಗಾಳಿ ಬೀಸಿದರೆ ಕೈ ತಲೆಗೆ ಹೋಗುತ್ತದೆ, ಮುಂದಿನ ಸಾಲಿನ ಕುರ್ಚಿ ಬೇಡವಾಗುತ್ತದೆ, ಈಜು ನಿಂತುಹೋಗುತ್ತದೆ. ಹತ್ತಿರದ ಒಬ್ಬರಿಗಾದರೂ ಹೇಳಿಕೊಂಡರೆ ಈ ಕಾವಲು ಎಷ್ಟೋ ಸಡಿಲವಾಗುತ್ತದೆ. 'ಹಿಂದೆ ಕಾಣ್ತಿದೆಯಾ ನೋಡೇ' ಎಂದು ಕೇಳಲು ಒಂದು ಜೊತೆ ಕಣ್ಣು ಸಿಕ್ಕಂತಾಗುತ್ತದೆ. ಮುಚ್ಚುವುದೇ ಬೇಡವೆಂದು ಪೂರ್ತಿ ಬೋಳಿಸಿಕೊಂಡವರೂ ಇದ್ದಾರೆ. ಅಂಥ ನೆತ್ತಿಗೆ ಬಿಸಿಲಿನಲ್ಲಿ ಸನ್‌ಸ್ಕ್ರೀನ್ ಅಥವಾ ಟೊಪ್ಪಿ ತಪ್ಪಿಸಬಾರದು.

ದಿನಾ ಕನ್ನಡಿ ನೋಡಿ ಅಳೆಯುವುದು ವ್ಯರ್ಥ, ತಿಂಗಳಿಗೆ ಒಂದು ಸೆಂಟಿಮೀಟರ್ ಬೆಳೆಯುವುದು ದಿನದಲ್ಲಿ ಕಾಣುವುದಿಲ್ಲ. ಮೂರು ತಿಂಗಳಿಗೊಮ್ಮೆ, ಅದೇ ದೀಪದ ಕೆಳಗೆ, ಒಣಗಿದ ಕೂದಲಿನಲ್ಲಿ, ಅದೇ ಜಾಗದಲ್ಲಿ ಬೈತಲೆ ತೆಗೆದು ಒಂದು ಫೋಟೊ ಹಿಡಿಯಿರಿ. ಜುಟ್ಟಿನ ಸುತ್ತಳತೆಯನ್ನು ದಾರದಿಂದ ಅಳೆದು ಬರೆದಿಡಿ. ರಬ್ಬರ್ ಬ್ಯಾಂಡನ್ನು ನಂಬಬೇಡಿ, ಹಳೆಯದಾದಂತೆ ಅದು ಹಿಗ್ಗುತ್ತದೆ.